ಆರು ಭಾನುವಾರದಲ್ಲಿ ನ್ಯೂರೋಸೈಕಾಲಜಿಸ್ಟ್ ಆಗಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನನ್ನದು ಮಂಡ್ಯ ಹತ್ತಿರದ ಹಳ್ಳಿ. ಮೈಸೂರಿನಲ್ಲಿ ಎಂ.ಎಸ್ಸಿ. ಸೈಕಾಲಜಿ ಮಾಡಿದ್ದೇನೆ. ಈಗ ಒಬ್ಬ ನ್ಯೂರಾಲಜಿಸ್ಟ್ ಕ್ಲಿನಿಕ್‌ನಲ್ಲಿ ಕೆಲಸ. ಡಾಕ್ಟರ್ ಹೇಳಿದ ರೋಗಿಗಳಿಗೆ ಮೆಮೊರಿ ಟೆಸ್ಟ್ ಮಾಡಿ, ರಿಪೋರ್ಟ್ ಬರೆದು, ಸಹಿ ಹಾಕಿ ಕೊಡುತ್ತೇನೆ. ಈ ಕೆಲಸ ತುಂಬಾ ಇಷ್ಟ. ಮೆದುಳಿನ ತೊಂದರೆಯಿಂದ ನೆನಪು, ಗಮನ, ಮಾತು ಹೇಗೆ ಬದಲಾಗಿದೆ ಅಂತ ಪರೀಕ್ಷಿಸುವ ನ್ಯೂರೋಸೈಕಾಲಜಿಸ್ಟ್ ಆಗಬೇಕು ಅಂತ ಆಸೆ. ಒಂದು ಆನ್‌ಲೈನ್ ಕೋರ್ಸ್ ಸಿಕ್ಕಿದೆ. ಆರು ಭಾನುವಾರ ಕ್ಲಾಸು, ಕೊನೆಗೆ ‘ಸರ್ಟಿಫೈಡ್ ಕ್ಲಿನಿಕಲ್ ನ್ಯೂರೋಸೈಕಾಲಜಿಸ್ಟ್’ ಅಂತ ಸರ್ಟಿಫಿಕೇಟ್. ಫೀಸು 45 ಸಾವಿರ. ಇದಲ್ಲದೆ ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ಸಾರಾಂಶವನ್ನು ವಿದೇಶದ ಒಂದು ಕಾನ್ಫರೆನ್ಸ್‌ಗೆ ಕಳಿಸಿದ್ದೆ. ಎರಡೇ ದಿನಕ್ಕೆ ಒಪ್ಪಿಕೊಂಡಿದ್ದಾರೆ. 600 ಡಾಲರ್ ಕಟ್ಟಬೇಕಂತೆ. ಆ ಮೇಲ್ ಕೂಡ ಇದರ ಜೊತೆ ಕಳಿಸಿದ್ದೇನೆ. ಕಬ್ಬಿನ ದುಡ್ಡು ಬರಲಿ, ಎರಡಕ್ಕೂ ಕಟ್ಟೋಣ ಅಂತಾರೆ ಅಪ್ಪ. ಅಮ್ಮನಿಗೆ ಇಷ್ಟ ಇಲ್ಲ. ಕಾನ್ಫರೆನ್ಸ್ ಸರ್ಟಿಫಿಕೇಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನನ್ನ ಜೊತೆ ಓದಿದವಳು ಹೇಳುತ್ತಾಳೆ. ಎಂ.ಫಿಲ್. ನಿಂತುಹೋಯಿತು, ಇನ್ನು ದಾರಿಯೇ ಇಲ್ಲ ಅನ್ನುತ್ತಾಳೆ ಇನ್ನೊಬ್ಬಳು. ನನ್ನ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೇ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಕೇಳಿದ್ದಕ್ಕೆ ಮೊದಲು ಹೇಳಿಬಿಡುತ್ತೇನೆ. ಆ ಕೋರ್ಸಿಗೂ ಕಟ್ಟಬೇಡಿ, ಆ ಕಾನ್ಫರೆನ್ಸಿಗೂ ಕಟ್ಟಬೇಡಿ. ಈ ಸಲ ಅಮ್ಮನ ಮಾತು ಸರಿ ಇದೆ. ದಾರಿ ಇಲ್ಲ ಅನ್ನುವುದು ಸುಳ್ಳು. ಉದ್ದದ ದಾರಿ ಅನ್ನುವುದು ನಿಜ.

ಆದರೆ ನಿಮ್ಮ ಪತ್ರ ಓದುವಾಗ ನಾನು ನಿಂತಿದ್ದು ಬೇರೆ ಸಾಲಿನಲ್ಲಿ. ಅದರ ಬಗ್ಗೆ ನೀವು ಏನೂ ಕೇಳಿಲ್ಲ. ‘ರಿಪೋರ್ಟ್ ಬರೆದು, ಸಹಿ ಹಾಕಿ ಕೊಡುತ್ತೇನೆ’ ಅಂದಿದ್ದೀರಿ. ಫೀಸಿನ ದುಡ್ಡು ಹೋದರೆ ಹೊಟ್ಟೆ ಉರಿಯುತ್ತದೆ, ಮತ್ತೆ ದುಡಿದುಕೊಳ್ಳುತ್ತೀರಿ. ಸಹಿ ಹಾಕಿದ ಕಾಗದ ಯಾರ ಕೈಗೋ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ರಿಜಿಸ್ಟರಿನಲ್ಲಿ ಹೆಸರಿರಬೇಕು. ಆರ್‌ಸಿಐ ಅಂತ ಕಾಲೇಜಿನಲ್ಲಿ ಕೇಳಿರುತ್ತೀರಿ. ಇದರ ಕಾಯ್ದೆ 1992ರದು. ಹೆಸರು ನೋಂದಾಯಿಸದೆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದರ 13ನೇ ಸೆಕ್ಷನ್ನಿನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ಹೇಳುವಾಗ ಆರ್‌ಸಿಐ ಒಪ್ಪಿದ ತರಬೇತಿಯನ್ನೇ ಹಿಡಿದಿದೆ. ಬರೀ ಎಂ.ಎಸ್ಸಿ. ಸಾಲದು. ಈ ಸೆಕ್ಷನ್ನಿನಲ್ಲಿ ಜೈಲಿಗೆ ಹೋದವರನ್ನು ನಾನಂತೂ ಕಂಡಿಲ್ಲ. ಸುಮ್ನೆ ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಜವಾದ ತೊಂದರೆ ಬೇರೆ ಕಡೆ ಇದೆ.

ನಿಮ್ಮ ರಿಪೋರ್ಟ್ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ. ಪರಿಹಾರಕ್ಕೆ ಕೇಸು ಹಾಕುತ್ತಾರೆ. ‘ಜ್ಞಾಪಕಶಕ್ತಿ ಕಡಿಮೆ ಆಗಿದೆ’ ಅಂತ ನೀವು ಬರೆದ ಕಾಗದ ಕೋರ್ಟಿಗೆ ಹೋಗುತ್ತದೆ. ಇನ್ಶೂರೆನ್ಸ್ ಕಂಪನಿ ವಕೀಲರು ನಿಮ್ಮನ್ನು ಕಟಕಟೆಗೆ ಕರೆಸಿ ಮೊದಲು ಕೇಳುವುದೇ ಆರ್‌ಸಿಐ ನಂಬರ್. ಇಲ್ಲ ಅಂದರೆ ಆ ಹುಡುಗನ ಕೇಸೇ ಸಡಿಲವಾಗುತ್ತದೆ. ಇನ್ನೊಂದು ಕಡೆ, ಮೂರು ಜನ ಮಕ್ಕಳಿರುವ ಯಜಮಾನರು. ವಿಲ್ ಬರೆದಿದ್ದಾರೆ. ಒಬ್ಬ ಮಗನಿಗೆ ಅದು ಒಪ್ಪಿಗೆ ಇಲ್ಲ. ‘ಅಪ್ಪನಿಗೆ ಆಗಲೇ ಬುದ್ಧಿ ಸ್ಥಿಮಿತ ಇರಲಿಲ್ಲ, ನೋಡಿ ರಿಪೋರ್ಟು’ ಅಂತ ನಿಮ್ಮ ಕಾಗದವನ್ನೇ ತೆಗೆದು ತೋರಿಸುತ್ತಾನೆ. ಗದ್ದೆ, ನಾಲೆ ನೀರು, ಪಾಲು ಪಾರೀಕತ್ತಿನ ಊರಿನವರು ನೀವು. ಹೆಚ್ಚು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇಷ್ಟಕ್ಕೂ ಆ ಕಾಗದದಲ್ಲಿರುವ ನಂಬರ್ ಸರಿಯಾಗಿದೆಯಾ? ಇದು ನನಗೆ ಕಾನೂನಿಗಿಂತ ದೊಡ್ಡ ವಿಷಯ. ನಿಮ್ಮ ಕ್ಲಿನಿಕ್‌ನಲ್ಲಿ ಯಾವ ಟೆಸ್ಟ್ ಇಟ್ಟಿದ್ದಾರೆ ಅಂತ ನೀವು ಬರೆದಿಲ್ಲ. ಬಹಳ ಕಡೆ ಇರುವುದು ಮೋಕಾ, ಅಂದರೆ ನೆನಪು, ಗಮನ, ಲೆಕ್ಕ ಎಲ್ಲ ಸ್ವಲ್ಪ ಸ್ವಲ್ಪ ನೋಡುವ ಚಿಕ್ಕ ಟೆಸ್ಟ್. ಅದನ್ನೇ ತೆಗೆದುಕೊಳ್ಳೋಣ. ಒಟ್ಟು 30 ಅಂಕ. 26 ಬಂದರೆ ಸರಿ, ಅದಕ್ಕಿಂತ ಕಡಿಮೆ ಬಂದರೆ ಮುಂದೆ ನೋಡಬೇಕು ಅನ್ನುವುದು ಅದರ ಲೆಕ್ಕ. ನಿಮ್ಮೆದುರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ, ಎಪ್ಪತ್ತು ದಾಟಿದ ರೈತರೊಬ್ಬರು ಕೂತಿದ್ದಾರೆ ಅಂದುಕೊಳ್ಳಿ. ಪೆನ್ಸಿಲ್ ಹಿಡಿದು ಎಷ್ಟು ವರ್ಷ ಆಯಿತೋ. ಅಂಕಿ, ಅಕ್ಷರ, ಅಂಕಿ, ಅಕ್ಷರ ಅಂತ ಗೆರೆ ಸೇರಿಸಿ ಅನ್ನುತ್ತೀರಿ. ಆಗಲಿಲ್ಲ, 1 ಹೋಯಿತು. ಪೆಟ್ಟಿಗೆಯ ಚಿತ್ರ ನೋಡಿ ಬರೆಯಿರಿ ಅನ್ನುತ್ತೀರಿ. ಚೌಕ ಬರೆದು ನಿಲ್ಲಿಸುತ್ತಾರೆ, ಇನ್ನೊಂದು ಹೋಯಿತು. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅನ್ನುತ್ತೀರಿ. ಅದಕ್ಕೆ 3 ಅಂಕ, ಒಂದು ಸಿಕ್ಕಿದರೆ ಪುಣ್ಯ. 100ರಿಂದ 7 ಕಳೆಯುತ್ತಾ ಹೋಗುವುದಕ್ಕೆ 3 ಅಂಕ. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುವುದಕ್ಕೆ 1. ಎರಡು ವಸ್ತುವಿನ ನಡುವೆ ಏನು ಹೋಲಿಕೆ ಅಂತ ಹೇಳುವುದಕ್ಕೆ 2. ಕೂಡಿಸಿ ನೋಡಿ. 30ರಲ್ಲಿ 11 ಅಂಕ ಶಾಲೆಯ ಮೆಟ್ಟಿಲು ಎಷ್ಟು ಹತ್ತಿದ್ದಾರೆ ಅನ್ನುವುದರ ಮೇಲೇ ನಿಂತಿದೆ. ಕಡಿಮೆ ಓದಿದವರಿಗೆ ಅಂತ ಟೆಸ್ಟ್‌ನವರೇ ಕೊಡುವುದು ಒಂದೇ ಒಂದು ಅಂಕ.

ಅದೇ ಯಜಮಾನರು ಐದು ನಿಮಿಷ ಬಿಟ್ಟು ಐದೂ ಪದ ನೆನಪಿಸಿಕೊಂಡು ಹೇಳಿದರು ಅಂದುಕೊಳ್ಳಿ. ಇವತ್ತು ಯಾವ ವಾರ, ಯಾವ ತಿಂಗಳು, ಯಾವ ಊರು ಎಲ್ಲ ಸರಿಯಾಗಿ ಹೇಳಿದರು. ಆದರೂ ಒಟ್ಟು ಅಂಕ 19ಕ್ಕೋ 20ಕ್ಕೋ ಬಂದು ನಿಲ್ಲುತ್ತದೆ. ಒಟ್ಟು ಮಾತ್ರ ನೋಡಿದವರು ‘ಡಿಮೆನ್ಷಿಯಾ ಇರಬಹುದು’ ಅಂತ ಬರೆಯುತ್ತಾರೆ. ತರಬೇತಿ ಇದ್ದವರು ಅಂಕ ಎಲ್ಲಿ ಹೋಯಿತು ಅಂತ ನೋಡುತ್ತಾರೆ. ಆಲ್ಜೈಮರ್ ಶುರುವಾಗುವಾಗ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸದಾಗಿ ಕೇಳಿದ್ದನ್ನು ಉಳಿಸಿಕೊಳ್ಳುವ ಶಕ್ತಿಗೆ. ಸುಳಿವು ಕೊಟ್ಟರೂ ಬರುವುದಿಲ್ಲ, ಹೇಳಿದ್ದೇ ಗೊತ್ತಿಲ್ಲ ಅನ್ನುತ್ತಾರೆ. ಸುಳಿವು ಕೊಟ್ಟ ತಕ್ಷಣ ‘ಹಾಂ, ಅದೇ’ ಅಂದರೆ ಕಥೆ ಬೇರೆ. ಖಿನ್ನತೆ ಇರಬಹುದು, ಥೈರಾಯ್ಡ್ ಇರಬಹುದು, ಬಿ12 ಕಡಿಮೆ ಇರಬಹುದು, ಸಣ್ಣ ರಕ್ತನಾಳಗಳ ತೊಂದರೆ ಇರಬಹುದು. ಕಿವಿ ಸರಿಯಾಗಿ ಕೇಳಿಸದೆ ಪದವೇ ತಪ್ಪಾಗಿ ಕೇಳಿಸಿಕೊಂಡಿರಲೂಬಹುದು. ಈ ವ್ಯತ್ಯಾಸ ಹಿಡಿಯುವುದೇ ನಮ್ಮ ಕಸುಬು. ಟೆಸ್ಟ್ ಮಾಡುವುದು ಅದರ ಸಣ್ಣ ಭಾಗ.

ಹಾಗಂತ ನಮ್ಮವರಿಗೆ ತಕ್ಕ ಟೆಸ್ಟ್‌ಗಳು ಇಲ್ಲವೇ ಇಲ್ಲ ಅನ್ನುವಂತಿಲ್ಲ. ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ನ್ಯೂರೋಸೈಕಾಲಜಿ ಬ್ಯಾಟರಿಯಲ್ಲಿ, ಅಂದರೆ ಟೆಸ್ಟ್‌ಗಳ ಗುಂಪಿನಲ್ಲಿ, ಅಕ್ಷರ ಬಾರದವರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆ ಬೇರೆ ಮಟ್ಟ ಹಾಕಿದ್ದಾರೆ. ವಯಸ್ಸು, ಗಂಡು, ಹೆಣ್ಣು ಅಂತಲೂ ಬೇರೆ. ಐಸಿಎಂಆರ್‌ನವರು ಡಿಮೆನ್ಷಿಯಾ ಪತ್ತೆಗೆ ಮಾಡಿದ ಟೆಸ್ಟ್‌ಗಳ ಗುಂಪು ಐದು ಭಾರತೀಯ ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಆದರೆ ಬ್ಯಾಟರಿ ಕೊಂಡು ತಂದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ.

ಒಂದು ಉದಾಹರಣೆ ಸಾಕು. 15 ಪದಗಳ ಪಟ್ಟಿ ಓದಿ ಹೇಳಿಸುವ ಟೆಸ್ಟ್ ಇದೆ. ಐದು ಸಲ ಓದಬೇಕು. ಪ್ರತಿ ಪದಕ್ಕೂ ಒಂದು ಸೆಕೆಂಡ್. ಓದಲು ಏನು ಮಹಾ ಅನ್ನಿಸುತ್ತದೆ. ಹೊಸಬರು ಓದುವಾಗ ಪಕ್ಕದಲ್ಲಿ ಕೂತು ಕೇಳಿ. ಮೊದಲ ಐದು ಪದ ನಿಧಾನ, ಆಮೇಲೆ ಬಸ್ಸು ಹಿಡಿಯುವ ಅವಸರ. ರೋಗಿ ತಡವರಿಸಿದರೆ ಪಾಪ ಅನ್ನಿಸಿ ಹುಬ್ಬು ಏರಿಸಿ ‘ಇನ್ನೂ ಇದೆ’ ಅಂತ ಸನ್ನೆ ಮಾಡುತ್ತಾರೆ. ಪಕ್ಕದಲ್ಲಿ ಕೂತ ಮಗಳು ತುಟಿ ಆಡಿಸಿ ಹೇಳಿಕೊಡುವುದು ಇವರ ಕಣ್ಣಿಗೇ ಬೀಳುವುದಿಲ್ಲ. ರೋಗಿ ಪಟ್ಟಿಯಲ್ಲೇ ಇಲ್ಲದ ಪದ ಹೇಳಿದರೆ ಅದನ್ನು ಬರೆದುಕೊಳ್ಳುವುದೂ ಇಲ್ಲ, ‘ತಪ್ಪು’ ಅಂತ ಬಿಟ್ಟುಬಿಡುತ್ತಾರೆ. ಕೆಲವು ಸಲ ರೋಗದ ಗುರುತು ಸಿಗುವುದೇ ಆ ಇಲ್ಲದ ಪದದಲ್ಲಿ. ಇದನ್ನೆಲ್ಲ ಪಕ್ಕದಲ್ಲಿ ಕೂತು ತಿದ್ದುವವರು ಬೇಕು. ಒಂದೆರಡು ದಿನ ತಿದ್ದಿದರೆ ಆಗುವುದಿಲ್ಲ, ವರ್ಷಗಟ್ಟಲೆ ಬೇಕು. ಪರದೆಯ ಮೇಲೆ ಸ್ಲೈಡ್ ನೋಡಿ ಇದನ್ನು ಕಲಿಯುವುದು, ಈಜಿನ ಪುಸ್ತಕ ಓದಿ ವಿ.ಸಿ. ನಾಲೆಗೆ ಇಳಿದ ಹಾಗೆ.

ಈಗ ಆ ಕೋರ್ಸಿಗೆ ಬರೋಣ

ಇಂಥ ಕೋರ್ಸ್‌ಗಳು ಯಾಕೆ ಹುಟ್ಟಿಕೊಂಡವು? ಕಾರಣ ಗೊತ್ತಾದರೆ ಮೋಸ ಹೋಗುವುದು ಕಡಿಮೆ ಆಗುತ್ತದೆ. ಆರ್‌ಸಿಐ ರಿಜಿಸ್ಟರಿನಲ್ಲಿ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅನ್ನುವ ಗುಂಪು ಇದೆ. ‘ನ್ಯೂರೋಸೈಕಾಲಜಿಸ್ಟ್’ ಅನ್ನುವ ಬೇರೆ ಗುಂಪು ಇಲ್ಲ. ನಮ್ಮ ದೇಶದಲ್ಲಿ ನ್ಯೂರೋಸೈಕಾಲಜಿಸ್ಟ್ ಅನ್ನಿಸಿಕೊಂಡವರು ಸಾಮಾನ್ಯವಾಗಿ ಮೊದಲು ಕ್ಲಿನಿಕಲ್ ಸೈಕಾಲಜಿ ತರಬೇತಿ ಮುಗಿಸಿ, ಆಮೇಲೆ ಮೆದುಳಿನ ಕಾಯಿಲೆಗಳ ಕಡೆ ವರ್ಷಗಟ್ಟಲೆ ಕೆಲಸ ಮಾಡಿ, ಪಿಎಚ್.ಡಿ. ಮಾಡಿ ಅಲ್ಲಿಗೆ ಬಂದವರು. ಕಾವಲಿಗೆ ಯಾರೂ ಇಲ್ಲದ ಹೆಸರು ಇದು. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು ಅಂತ ಆಗಿದೆ. ಇನ್ನೊಂದು ಕಡೆ ಪಾರ್ಶ್ವವಾಯು, ತಲೆಗೆ ಪೆಟ್ಟು, ಮರೆವಿನ ಕಾಯಿಲೆ ಇರುವವರು ಕ್ಲಿನಿಕ್‌ಗಳಲ್ಲಿ ತುಂಬಿಕೊಂಡಿದ್ದಾರೆ. ಡಾಕ್ಟರಿಗೆ ಟೆಸ್ಟ್ ಮಾಡುವವರು ಬೇಕು. ಸರಿಯಾದ ತರಬೇತಿಯ ಸೀಟು ಮಾತ್ರ ಬೆರಳೆಣಿಕೆಯಷ್ಟು. ಪ್ರತಿ ವರ್ಷ ಎಂ.ಎಸ್ಸಿ. ಮುಗಿಸಿ ಹೊರಬರುವವರು ಸಾವಿರಾರು. ಆ ನಡುವಿನ ಜಾಗದಲ್ಲಿ ಅಂಗಡಿ ತೆರೆದಿದ್ದಾರೆ. ‘ನ್ಯೂರೋ’ ಅನ್ನುವ ಪದಕ್ಕೆ ಈಗ ಒಳ್ಳೆಯ ಬೇಡಿಕೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ ಅನ್ನುವ ಮಿಡ್‌ಬ್ರೈನ್ ಕ್ಲಾಸಿನವರೂ ಇದೇ ಸಂತೆಯವರೇ.

‘ಸರ್ಟಿಫೈಡ್’ ಅನ್ನುವುದನ್ನು ಇವರು ಎತ್ತಿಕೊಂಡಿದ್ದು ಅಮೆರಿಕದಿಂದ. ಅಲ್ಲಿ ಅದಕ್ಕೆ ಬೇರೆಯೇ ತೂಕ ಇದೆ. 1997ರಲ್ಲಿ ಹ್ಯೂಸ್ಟನ್ ನಗರದಲ್ಲಿ ನ್ಯೂರೋಸೈಕಾಲಜಿಸ್ಟರೆಲ್ಲ ಸೇರಿ, ಈ ಕಸುಬಿಗೆ ತರಬೇತಿ ಹೇಗಿರಬೇಕು ಅಂತ ಒಂದು ಚೌಕಟ್ಟು ಹಾಕಿದರು. ಮೊದಲು ಡಾಕ್ಟರೇಟ್, ಅದರಲ್ಲೇ ಇಂಟರ್ನ್‌ಷಿಪ್, ಆಮೇಲೆ ಎರಡು ವರ್ಷಕ್ಕೆ ಸಮನಾದ ರೆಸಿಡೆನ್ಸಿ, ಅಂದರೆ ಹಿರಿಯರ ಕೈಕೆಳಗೆ ತರಬೇತಿ. ಅದಾದ ಮೇಲೆ ಬೇಕೆಂದವರು ಈ ಕಸುಬಿನ ಮಂಡಳಿಯ ಪರೀಕ್ಷೆ ಬರೆಯುತ್ತಾರೆ. ಬರವಣಿಗೆ ಪರೀಕ್ಷೆ, ತಾವೇ ನೋಡಿದ ಕೇಸುಗಳ ರಿಪೋರ್ಟು ಒಪ್ಪಿಸುವುದು, ಮೌಖಿಕ ಪರೀಕ್ಷೆ ಎಲ್ಲ ಪಾಸಾದರೆ ‘ಸರ್ಟಿಫೈಡ್’. ಅದೇ ಹ್ಯೂಸ್ಟನ್ ದಾಖಲೆಯಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ. ವರ್ಕ್‌ಷಾಪ್, ಕಾನ್ಫರೆನ್ಸ್‌ನಂಥ ಮುಂದುವರಿಕೆ ಶಿಕ್ಷಣ ಈಗಾಗಲೇ ತರಬೇತಿ ಆದವರಿಗೆ. ಈ ಕಸುಬಿನ ಮೂಲ ಪಾಠ ಕಲಿಯುವುದಕ್ಕಾಗಲಿ, ತನ್ನನ್ನು ನ್ಯೂರೋಸೈಕಾಲಜಿಸ್ಟ್ ಅಂತ ಕರೆದುಕೊಳ್ಳುವುದಕ್ಕಾಗಲಿ ಅದು ದಾರಿಯಲ್ಲ ಅಂತ ಅವರೇ ಬರೆದಿಟ್ಟಿದ್ದಾರೆ.

ಚಿಕ್ಕ ಕೋರ್ಸ್‌ಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಮೋಕಾ ಬಳಸುವವರು ಆ ಸಂಸ್ಥೆಯದೇ ತರಬೇತಿ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು ಅನ್ನುವ ನಿಯಮ ಈಗ ಇದೆ. ಅದೂ ಆನ್‌ಲೈನೇ, ಚಿಕ್ಕದೇ. ಆದರೆ ಅದು ಒಂದು ಟೆಸ್ಟ್ ಹೇಗೆ ಕೊಡುವುದು ಅಂತ ಮಾತ್ರ ಕಲಿಸುತ್ತದೆ, ಅಷ್ಟನ್ನೇ ಕಾಗದದಲ್ಲೂ ಬರೆಯುತ್ತದೆ. ನಿಮ್ಮ ಕೋರ್ಸಿನವರಿಗೆ ಫೋನ್ ಮಾಡಿ ಕೇಳಿ ನೋಡಿ: ಆರ್‌ಸಿಐ ಒಪ್ಪಿಗೆ ಪತ್ರ ಇದೆಯಾ? ಪಾಠ ಮಾಡುವವರ ನೋಂದಣಿ ನಂಬರ್ ಏನು? ನಾನು ರೋಗಿಯನ್ನು ಪರೀಕ್ಷೆ ಮಾಡುವುದನ್ನು ನೋಡಿ ತಿದ್ದುವವರು ಯಾರು? ಮೂರನೆಯದಕ್ಕೆ ‘ರೆಕಾರ್ಡೆಡ್ ವಿಡಿಯೋ ಇರುತ್ತೆ ಮೇಡಂ’ ಅಂದರೆ ಫೋನ್ ಇಡಿ. ವಿಷಯ ತಿಳಿದುಕೊಳ್ಳುವ ಆಸೆಗೆ ಎರಡು ಮೂರು ಸಾವಿರದ ಕ್ಲಾಸು ಕೇಳಿದರೆ ನಷ್ಟವಿಲ್ಲ. 45 ಸಾವಿರ ಕೊಟ್ಟು ಹಾಕಿಕೊಳ್ಳಲಾಗದ ಬಿರುದು ಯಾಕೆ?

ಕಾನ್ಫರೆನ್ಸ್ ವಿಷಯ

ನೀವು ಕಳಿಸಿದ ಮೇಲ್ ನೋಡಿದೆ. ಮೊದಲ ಸಾಲಿನಲ್ಲೇ ನಿಮ್ಮನ್ನು ‘ಡಾಕ್ಟರ್’ ಮಾಡಿದ್ದಾರೆ. ಯಾವ ಸಂಘ ನಡೆಸುತ್ತಿದೆ ಅನ್ನುವುದು ಎಲ್ಲೂ ಇಲ್ಲ. ಅದೇ ಹೋಟೆಲಿನಲ್ಲಿ, ಅದೇ ಎರಡು ದಿನ ದಂತವೈದ್ಯರದು, ನರ್ಸಿಂಗಿನವರದು, ನ್ಯಾನೋ ತಂತ್ರಜ್ಞಾನದ್ದೂ ಸಮ್ಮೇಳನ ಇದೆ. ಬರಲಾಗದವರು 600ರ ಬದಲು ಕಡಿಮೆ ಕಟ್ಟಿದರೆ ಸರ್ಟಿಫಿಕೇಟನ್ನು ಮೇಲ್‌ನಲ್ಲೇ ಕಳಿಸುತ್ತಾರಂತೆ. ಎರಡು ದಿನದಲ್ಲಿ ಯಾವ ತಜ್ಞರೂ ನಿಮ್ಮ ಸಾರಾಂಶ ಓದಿರುವುದಿಲ್ಲ. ನಿಜವಾದ ಕಡೆ ಕಳಿಸಿದರೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕು. ತಿದ್ದಿ ಕಳಿಸಿ ಅನ್ನುತ್ತಾರೆ. ಬೇಡ ಅಂತಲೂ ಅನ್ನುತ್ತಾರೆ. ಆ ಮೇಲ್‌ಗೆ ಉತ್ತರ ಬರೆಯಬೇಡಿ, ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಖಂಡಿತ ಕಳಿಸಬೇಡಿ.

ಹೊರದೇಶದಲ್ಲಿ ನಂಬುವಂಥ ಸಮ್ಮೇಳನಗಳು ಯಾವುವು ಅಂತ ಗೊತ್ತಿರಲಿ. ಇಂಟರ್‌ನ್ಯಾಷನಲ್ ನ್ಯೂರೋಸೈಕಾಲಜಿಕಲ್ ಸೊಸೈಟಿ 1967ರಿಂದ ಇದೆ. ಅದರ ವಾರ್ಷಿಕ ಸಭೆ ಫೆಬ್ರವರಿಯಲ್ಲಿ ಉತ್ತರ ಅಮೆರಿಕದಲ್ಲಿ ನಡೆಯುತ್ತದೆ. ವರ್ಷದ ನಡುವಿನ ಸಭೆ ಬೇರೆ ದೇಶಗಳಲ್ಲಿ. ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ನ್ಯೂರೋಸೈಕಾಲಜಿ 1975ರಲ್ಲಿ ಶುರುವಾದದ್ದು, ಅದೂ ವರ್ಷಕ್ಕೊಮ್ಮೆ ಸೇರುತ್ತದೆ. ಇವೆಲ್ಲ ಸದಸ್ಯರು ನಡೆಸುವ ಸಂಘಗಳು. ಆದರೂ ಈಗ ನೀವು ಅಲ್ಲಿಗೆ ಓಡಬೇಕಿಲ್ಲ. ವೀಸಾ, ಟಿಕೆಟ್, ಹೋಟೆಲ್ ಸೇರಿದರೆ ಒಂದು ವರ್ಷದ ಕಬ್ಬು ಅಲ್ಲೇ ಹೋಗುತ್ತದೆ.

ನಮ್ಮಲ್ಲೇ ಇಂಡಿಯನ್ ಅಸೋಸಿಯೇಷನ್ ಆಫ್ ಕ್ಲಿನಿಕಲ್ ಸೈಕಾಲಜಿಸ್ಟ್ಸ್ ವರ್ಷಕ್ಕೊಮ್ಮೆ ರಾಷ್ಟ್ರಮಟ್ಟದ ಸಮ್ಮೇಳನ ಮಾಡುತ್ತದೆ. ಮರೆವಿನ ಕಾಯಿಲೆಯವರಿಗಾಗಿ 1992ರಲ್ಲಿ ಕೇರಳದಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಘದ ಸಮ್ಮೇಳನವೂ ಇದೆ. ಅಲ್ಲಿ ಡಾಕ್ಟರು, ಸೈಕಾಲಜಿಸ್ಟು, ರೋಗಿಯ ಮನೆಯವರು ಎಲ್ಲ ಬರುತ್ತಾರೆ. ನನ್ನ ಅನುಭವದಲ್ಲಿ ಯಾವ ಕಾನ್ಫರೆನ್ಸ್‌ಗೆ ಹೋದರೂ ದುಡ್ಡಿಗೆ ಬೆಲೆ ಬರುವುದು ಮುಖ್ಯ ಸಭೆಗಿಂತ ಹಿಂದಿನ ದಿನದ ವರ್ಕ್‌ಷಾಪಿನಲ್ಲಿ. ಇಪ್ಪತ್ತು ಮೂವತ್ತು ಜನ, ಒಂದೇ ವಿಷಯ, ಕೈಯಲ್ಲಿ ಟೆಸ್ಟ್ ಹಾಳೆ. ಮೂರ್ಛೆ ರೋಗದ ಆಪರೇಷನ್‌ಗೆ ಮೊದಲು ಏನೇನು ನೋಡಬೇಕು, ತಲೆಗೆ ಪೆಟ್ಟಾದವರ ಗಮನ ಸುಧಾರಿಸುವುದು ಹೇಗೆ, ಹೀಗೆ. ಎರಡನೆಯ ಬೆಲೆ, ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಹಾಕಿ ತೋರಿಸುವ ಪೋಸ್ಟರ್ ಮುಂದೆ ನಿಂತು ಆಡುವ ಮಾತಿನಲ್ಲಿ. ದೊಡ್ಡ ಸಭಾಂಗಣದ ಉದ್ಘಾಟನೆ, ಶಾಲು, ಹಾರ, ಸ್ಮರಣಿಕೆ ಎಲ್ಲ ತಪ್ಪಿಸಿಕೊಂಡರೂ ನಷ್ಟವಿಲ್ಲ. ಆ ಹೊತ್ತಿನಲ್ಲಿ ಕಾಫಿ ಕುಡಿಯುತ್ತಾ ಯಾರನ್ನಾದರೂ ಮಾತಾಡಿಸಿ.

ಸರ್ಟಿಫಿಕೇಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ನಿಮ್ಮ ಗೆಳತಿಯ ಮಾತಿಗೆ ಬುಡ ಇಲ್ಲ ಅಂತಲ್ಲ. ಆರ್‌ಸಿಐ ನೋಂದಣಿ ಆದವರು ಅದನ್ನು ಆಗಾಗ ನವೀಕರಿಸಬೇಕು. ಅದಕ್ಕೆ ಅಂಕ ಬೇಕು. ಆರ್‌ಸಿಐ ಒಪ್ಪಿದ ಕಾರ್ಯಾಗಾರ, ಸಮ್ಮೇಳನಗಳಿಗೆ ಹೋದರೆ ಆ ಅಂಕ ಸಿಗುತ್ತದೆ. ನಾವೆಲ್ಲ ಸರ್ಟಿಫಿಕೇಟ್ ಜೋಪಾನ ಮಾಡುವುದನ್ನು ನೋಡಿ ಅವರು ಹಾಗೆ ಅಂದುಕೊಂಡಿರಬಹುದು. ನೋಂದಣಿಯೇ ಇಲ್ಲದವರಿಗೆ ಆ ಅಂಕದಿಂದ ಏನೂ ಆಗುವುದಿಲ್ಲ. ಸಂದರ್ಶನದಲ್ಲಿ ಕೂತಾಗ ನಾನು ಸರ್ಟಿಫಿಕೇಟ್ ಎಣಿಸುವುದಿಲ್ಲ. ‘ನೀವು ನೋಡಿದ ಒಬ್ಬ ರೋಗಿಯ ಬಗ್ಗೆ ಹೇಳಿ’ ಅಂತ ಕೇಳುತ್ತೇನೆ. ಫೈಲು ದಪ್ಪ ಇದ್ದವರು ಎಷ್ಟೋ ಸಲ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಾಗಾದರೆ ದಾರಿ ಯಾವುದು?

ಮೊದಲು ಎಂ.ಫಿಲ್. ಗಲಾಟೆ. ಎಂ.ಎಸ್ಸಿ. ಆದ ಮೇಲೆ ಆರ್‌ಸಿಐ ನೋಂದಣಿಗೆ ಹೋಗುವ ಮುಖ್ಯ ದಾರಿ ಅದೇ ಆಗಿತ್ತು. ಹೊಸ ಶಿಕ್ಷಣ ನೀತಿಯಲ್ಲಿ ಎಂ.ಫಿಲ್. ಪದವಿಯನ್ನೇ ತೆಗೆದರು. ಆದರೂ ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ 2025-26ರ ಪ್ರವೇಶದವರೆಗೆ ಅವಕಾಶ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ಒಪ್ಪಿದ ಎಂ.ಎ. ಕ್ಲಿನಿಕಲ್ ಸೈಕಾಲಜಿ, ಸೈ.ಡಿ. (ಡಾಕ್ಟರೇಟ್ ಮಟ್ಟದ್ದು) ಅನ್ನುವ ಹೊಸ ಕೋರ್ಸ್‌ಗಳು ಬಂದಿವೆ. ಇದು ಬದಲಾವಣೆಯ ಕಾಲ. ಹಾಗಾಗಿ ನನ್ನ ಮಾತು, ಸೀನಿಯರ್ ಮಾತು, ಕಾಲೇಜಿನ ಜಾಹೀರಾತು ಯಾವುದನ್ನೂ ನಂಬಿ ಫೀಸು ಕಟ್ಟಬೇಡಿ. ಅರ್ಜಿ ಹಾಕುವ ದಿನ ಆರ್‌ಸಿಐ ವೆಬ್‌ಸೈಟಿನಲ್ಲಿ ಎರಡು ವಿಷಯ ನೋಡಿ: ಆ ಕಾಲೇಜಿಗೆ ಆ ಸಾಲಿಗೆ ಒಪ್ಪಿಗೆ ಇದೆಯಾ, ಆ ಕೋರ್ಸ್ ಮುಗಿಸಿದವರಿಗೆ ಯಾವ ನೋಂದಣಿ ಸಿಗುತ್ತದೆ. ‘ಒಪ್ಪಿಗೆ ಬರುತ್ತೆ, ಅಪ್ಲೈ ಮಾಡಿದೀವಿ’ ಅಂದರೆ ಬರುವ ತನಕ ಕಾಯಿರಿ. ಎರಡು ವರ್ಷ ಓದಿ ಕೊನೆಗೆ ನೋಂದಣಿ ಸಿಗದೆ ಅಲೆಯುವ ಮಕ್ಕಳನ್ನು ನೋಡಿದ್ದೇನೆ. ದೂರಶಿಕ್ಷಣದಲ್ಲಿ ಇನ್ನೊಂದು ಡಿಗ್ರಿ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಲ್ಲಾಗಲಿ ಕೊಡಬಾರದು ಅಂತ ಯುಜಿಸಿ ಹೇಳಿದೆ.

ಸೀಟು ಸಿಗುವುದು ಕಷ್ಟ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ರಾಂಚಿಯ ಸಿಐಪಿ, ತೇಜ್‌ಪುರದ ಮಾನಸಿಕ ಆರೋಗ್ಯ ಸಂಸ್ಥೆ ಇಂಥ ಕಡೆ ಪ್ರವೇಶ ಪರೀಕ್ಷೆ ಬರೆಯಬೇಕು. ಒಂದೇ ಸಲಕ್ಕೆ ಸಿಕ್ಕವರು ಕಡಿಮೆ. ಸರ್ಕಾರಿ ಸಂಸ್ಥೆಯಲ್ಲಿ ಖರ್ಚು ಕಡಿಮೆ, ಪೈಪೋಟಿ ಜಾಸ್ತಿ. ಖಾಸಗಿ ಕಡೆ ಲಕ್ಷಗಟ್ಟಲೆ ಆಗುತ್ತದೆ. ಓದುವಷ್ಟೂ ದಿನ ಬೇರೆ ಕೆಲಸ ಮಾಡಲು ಆಗುವುದಿಲ್ಲ, ಮನೆಯವರಿಗೆ ಇದನ್ನು ಮೊದಲೇ ಹೇಳಿರಿ. ಅಪ್ಪನ ಕಬ್ಬಿನ ದುಡ್ಡು ಬಂದಾಗ ಅದನ್ನು ಇದಕ್ಕೆ ಎತ್ತಿಡಲಿ.

ಸಂಶೋಧನೆ ಇನ್ನೊಂದು ದಾರಿ. ಪ್ರಾಜೆಕ್ಟ್‌ಗಳಲ್ಲಿ ಸಹಾಯಕರಾಗಿ ಸೇರಿ, ಆಮೇಲೆ ಪಿಎಚ್.ಡಿ. ಇದರಿಂದ ಟೆಸ್ಟ್ ಕೊಡುವ ಕೈ ಚೆನ್ನಾಗಿ ಪಳಗುತ್ತದೆ. ಆದರೆ ಬರೀ ಸೈಕಾಲಜಿ ಪಿಎಚ್.ಡಿ. ಇದ್ದರೆ ಆರ್‌ಸಿಐ ನೋಂದಣಿ ಸಿಗುವುದಿಲ್ಲ. ಪಾಠ ಮಾಡಬಹುದು, ಸಂಶೋಧನೆ ಮಾಡಬಹುದು, ರೋಗಿಗೆ ರಿಪೋರ್ಟ್ ಕೊಡಲು ಬರುವುದಿಲ್ಲ. ಹೆಸರಿನ ಮುಂದೆ ‘ಡಾ.’ ಬಂದ ಮೇಲೆ ಇದನ್ನು ಮರೆಯುವವರು ಬಹಳ.

ಪರೀಕ್ಷೆಗೆ ಓದಿಕೊಳ್ಳುತ್ತಾ ಈ ಒಂದೆರಡು ವರ್ಷ ಏನು ಮಾಡುವುದು? ನಿಮ್ಮ ಕೈಗೆಟುಕುವ ಜಾಗದಲ್ಲೇ ಬೇಕಾದಷ್ಟಿದೆ. ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಪಾರ್ಶ್ವವಾಯು ಹೊಡೆದು ಮಾತು ಹೋದವರನ್ನು ನೋಡಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಅವರ ಕಾರ್ಯಾಗಾರಗಳ ಪ್ರಕಟಣೆ ನೋಡುತ್ತಿರಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಮನೋರೋಗ ವಿಭಾಗಗಳಲ್ಲಿ ಕೇಸ್ ಚರ್ಚೆ ಕೇಳಲು ಬಿಡುತ್ತೀರಾ ಅಂತ ಮುಖ್ಯಸ್ಥರನ್ನು ಬರವಣಿಗೆಯಲ್ಲಿ ಕೇಳಿ. ಇಲ್ಲ ಅಂದರೂ ನಷ್ಟವಿಲ್ಲ. ನಿಮ್ಹಾನ್ಸ್ ಕಾರ್ಯಾಗಾರ ಇದ್ದರೆ ಮಂಡ್ಯದಿಂದ ಬೆಳಗಿನ ರೈಲಿಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಅಂದ ಹಾಗೆ ಮೈಸೂರಿಗೆ ಈ ವಿಷಯ ಹೊಸದಲ್ಲ. ಇಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಯಿತು.

ಈಗ ನಿಮ್ಮ ಕ್ಲಿನಿಕ್. ಕೆಲಸ ಬಿಡಬೇಡಿ. ಡಾಕ್ಟರ ಜೊತೆ ಕೂತು ಮಾತಾಡಿ. ಅವರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಯಾರೂ ಸಿಗದೆ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ‘ಸರ್, ಟೆಸ್ಟ್ ನಾನು ಮಾಡುತ್ತೇನೆ. ಆದರೆ ರಿಪೋರ್ಟನ್ನು ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ನೋಡಿ ಸಹಿ ಹಾಕಲಿ. ಟೆಸ್ಟ್ ಕೊಟ್ಟವರು ಅಂತ ನನ್ನ ಹೆಸರು ಇರಲಿ’ ಅನ್ನಿ. ವಾರಕ್ಕೊಂದು ದಿನ ಅಂಥವರನ್ನು ಕರೆಸಿಕೊಳ್ಳುವ ಕ್ಲಿನಿಕ್‌ಗಳು ಮೈಸೂರಿನಲ್ಲಿವೆ. ಅವರಿಗೆ ಫೀಸು ಕೊಡಬೇಕಾಗುತ್ತದೆ, ನಿಮ್ಮ ಸಂಬಳದಲ್ಲಿ ಸ್ವಲ್ಪ ಕಡಿಮೆ ಆಗಲೂಬಹುದು. ಒಪ್ಪಿಕೊಳ್ಳಿ. ನಿಮಗೆ ಪಕ್ಕದಲ್ಲಿ ಕೂತು ತಿದ್ದುವವರು ಸಿಕ್ಕಿದ ಹಾಗಾಯಿತು. ಪ್ರವೇಶ ಸಂದರ್ಶನದಲ್ಲೂ ಇದು ಕೆಲಸಕ್ಕೆ ಬರುತ್ತದೆ. ಡಾಕ್ಟರ್ ಒಪ್ಪದಿದ್ದರೆ, ಟೆಸ್ಟ್ ಹಾಳೆಯನ್ನು ಅಂಕದ ಸಮೇತ ಅವರ ಕೈಗೆ ಕೊಟ್ಟು ನಿಲ್ಲಿಸಿ. ಅರ್ಥ ಮಾಡಿ ಬರೆಯುವುದು, ಸಹಿ ಹಾಕುವುದು ಅವರದೇ ಜವಾಬ್ದಾರಿ ಆಗಲಿ. ಹಿಂದೆ ಸಹಿ ಹಾಕಿ ಕೊಟ್ಟ ರಿಪೋರ್ಟ್‌ಗಳ ಪಟ್ಟಿ ಮಾಡಿ. ಕೋರ್ಟು, ಆಸ್ತಿ, ಅಂಗವಿಕಲ ಪ್ರಮಾಣಪತ್ರಕ್ಕೆ ಅಂತ ಕೇಳಿ ತೆಗೆದುಕೊಂಡವರು ಯಾರಾದರೂ ಇದ್ದರೆ ಅವರಿಗೆ ಮತ್ತೊಮ್ಮೆ ಸರಿಯಾದ ಕಡೆ ಟೆಸ್ಟ್ ಮಾಡಿಸಲು ಡಾಕ್ಟರಿಂದಲೇ ಹೇಳಿಸಿ.

ಇಂಗ್ಲಿಷ್ ಬಗ್ಗೆ ಕೊರಗಬೇಡಿ. ಪ್ರವೇಶ ಪರೀಕ್ಷೆಗೆ, ಪೋಸ್ಟರಿಗೆ ಬೇಕಾಗುವಷ್ಟು ಇಂಗ್ಲಿಷ್ ಆರು ತಿಂಗಳು ಕೂತು ಓದಿದರೆ ಬರುತ್ತದೆ. ನಾಗಮಂಗಲದ ಅಜ್ಜಿಯೊಬ್ಬರಿಗೆ ಪುಸ್ತಕದ ಕನ್ನಡದಲ್ಲಿ ಸೂಚನೆ ಓದಿ, ಅರ್ಥವಾಗದೆ ಅವರು ಸುಮ್ಮನಿದ್ದರೆ ‘ಉತ್ತರ ಇಲ್ಲ’ ಅಂತ ಸೊನ್ನೆ ಹಾಕುವವರನ್ನು ಕಂಡಿದ್ದೇನೆ. ಅವರ ಮಾತಿನಲ್ಲೇ ಕೇಳಲು ನಿಮಗೆ ಬರುತ್ತದೆ.

ಆ ಮೇಲ್ ಜೊತೆಗಿದ್ದ ನಿಮ್ಮ ಪ್ರಾಜೆಕ್ಟ್ ಸಾರಾಂಶವನ್ನೂ ಓದಿದೆ. ಶಾಲೆಗೆ ಹೋಗದ ಹಳ್ಳಿಯ ಹಿರಿಯರಿಗೆ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅಂತ ಕೇಳಿದ್ದೀರಿ. ಒಳ್ಳೆಯ ಕೆಲಸ. ಅಕ್ಷರ ಬಾರದವರಿಗೂ ಕೊಡಬಹುದಾದ ಟೆಸ್ಟ್ ಅದು, ನಮ್ಮ ಕಡೆಯ ಲೆಕ್ಕ ನಮಗೆ ಬೇಕು. ಇದನ್ನು ಆ ಹೋಟೆಲ್ ಸಮ್ಮೇಳನಕ್ಕೆ ಕೊಟ್ಟು ಹಾಳುಮಾಡಬೇಡಿ. ಬರವಣಿಗೆ ಸ್ವಲ್ಪ ತಿದ್ದಬೇಕು. ಎಷ್ಟು ಜನ, ಯಾವ ವಯಸ್ಸು, ಕಿವಿ ಕಣ್ಣು ಪರೀಕ್ಷೆ ಆಗಿತ್ತಾ, ಒಪ್ಪಿಗೆ ಹೇಗೆ ತೆಗೆದುಕೊಂಡಿರಿ, ಇದೆಲ್ಲ ಸಾರಾಂಶದಲ್ಲಿ ಇಲ್ಲ. ಸೇರಿಸಿ, ದೇಶದೊಳಗಿನ ಸಂಘದ ಮುಂದಿನ ಸಮ್ಮೇಳನಕ್ಕೆ ಪೋಸ್ಟರ್ ಅಂತ ಕಳಿಸಿ. ವಿದ್ಯಾರ್ಥಿ ದರ ಇದೆಯಾ, ಬೇಗ ಕಟ್ಟಿದರೆ ಕಡಿಮೆ ಇದೆಯಾ ವಿಚಾರಿಸಿ. ಕಳಿಸುವ ಮೊದಲು ನಿಮ್ಮ ಗೈಡ್ ಮೇಡಂಗೆ ತೋರಿಸಿ, ಅವರ ಹೆಸರನ್ನೂ ಸೇರಿಸಿ.